ಬದುವಿನ ಮೇಲೆ ಇಲಿ ಪಾಷಾಣ: ನಮ್ಮ ಕುರಿ, ನಾಯಿಗಳನ್ನು ಕಾಪಾಡುವುದು ಹೇಗೆ?

ಪ್ರಶ್ನೆ: ನಮ್ಮದು ಹರಿಹರ ತಾಲ್ಲೂಕಿನ ಮಲೇಬೆನ್ನೂರು ಕಡೆಯ ಹಳ್ಳಿ. ಪಕ್ಕದ ಗದ್ದೆಯವರು ಕಪ್ಪು ಪುಡಿ ಕಲಸಿದ ನುಚ್ಚನ್ನು ಇಲಿಗೆಂದು ಬದುವಿನ ಮೇಲೆ ಚೆಲ್ಲುತ್ತಾರೆ. ಹೋದ ವಾರ ನಮ್ಮ ನಾಯಿ ಸತ್ತಿತು. ಕುರಿಗಳೂ ಅಲ್ಲೇ ಮೇಯುತ್ತವೆ. ಏನು ಮಾಡಲಿ?

ಉತ್ತರ: ಕಪ್ಪು ಪುಡಿ ಎಂದರೆ ಬಹುಮಟ್ಟಿಗೆ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಇದಕ್ಕೆ ಪ್ರತಿವಿಷವಿಲ್ಲ.

ಭದ್ರಾ ನಾಲೆಯ ಗದ್ದೆಗಳಲ್ಲಿ ಇಲಿ ಕಾಟ ಸುಳ್ಳಲ್ಲ, ನಿಮ್ಮ ನೆರೆಯವರ ಕಷ್ಟವೂ ನಿಜ. ತಪ್ಪಿರುವುದು ಚೆಲ್ಲುವ ರೀತಿಯಲ್ಲಿ. ಬಯಲಲ್ಲಿ ಬಿದ್ದ ನುಚ್ಚು ಮೊದಲು ಕೋಳಿ, ಕುರಿ, ನವಿಲಿನ ಬಾಯಿಗೆ ಹೋಗುತ್ತದೆ. ಚೂರು ತಿಂದು ಬದುಕಿದ ಇಲಿಯಂತೂ ವಾರಗಟ್ಟಲೆ ಆ ತಿನಿಸನ್ನು ಮೂಸುವುದಿಲ್ಲ. ಹಾಗಾಗಿ ನಷ್ಟ ಅವರಿಗೂ ಇದೆ. ಮಾತು ಇಲ್ಲಿಂದಲೇ ಶುರು ಮಾಡಿ.

ಸರಿಯಾದ ಕ್ರಮ ಇದು. ಸಂಜೆ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಬೆಳಿಗ್ಗೆ ತೆರೆದಿರುವುದರಲ್ಲಿ ಮಾತ್ರ ಇಲಿ ಇದೆ. ಎರಡು ದಿನ ವಿಷವಿಲ್ಲದ ನುಚ್ಚಿಟ್ಟು ರುಚಿ ಹಿಡಿಸಬೇಕು. ಆಮೇಲೆ 960 ಗ್ರಾಂ ನುಚ್ಚು, 20 ಗ್ರಾಂ ಶೇಂಗಾ ಎಣ್ಣೆ, 20 ಗ್ರಾಂ ಪುಡಿಯನ್ನು ಗ್ಲೌಸ್ ಹಾಕಿಕೊಂಡು ಬಯಲಲ್ಲೇ ಕೋಲಿನಿಂದ ಕಲಸಬೇಕು. ನೀರು ಸೋಕಬಾರದು, ಅನಿಲ ಏಳುತ್ತದೆ. 10 ಗ್ರಾಂನ ಕಾಗದದ ಪೊಟ್ಟಣ ಕಟ್ಟಿ ಬಿಲದ ಆಳಕ್ಕೆ ತಳ್ಳಿ ಬಾಯಿ ಮುಚ್ಚಬೇಕು. ಸತ್ತ ಇಲಿಗಳನ್ನು ಮರುದಿನ ಹುಡುಕಿ ಹೂಳಲೇಬೇಕು. ಅದರ ಹೊಟ್ಟೆಯಲ್ಲಿ ಉಳಿದ ವಿಷ ನಾಯಿಯನ್ನೂ ಕೊಲ್ಲಬಲ್ಲದು. ಇದೆಲ್ಲ ಪೈರು ತೆನೆ ಕಟ್ಟುವ ಮುನ್ನ, ಅಕ್ಕಪಕ್ಕದವರು ಒಟ್ಟಿಗೇ ಮಾಡಿದರೆ ಫಲ. ಕಾಳು ತುಂಬಿದ ಮೇಲೆ ಇಲಿಗೆ ನುಚ್ಚು ಬೇಡ.

ಪ್ರಾಣಿ ತಿಂದದ್ದು ಬ್ರೋಮಾಡಿಯೋಲೋನ್ ಎಂಬ ಇನ್ನೊಂದು ಇಲಿ ಪಾಷಾಣದ ಬಿಲ್ಲೆಯಾದರೆ ಲಕ್ಷಣ ಮೂರ್ನಾಲ್ಕು ದಿನ ತಡ: ಒಸಡು, ಮೂಗಿನಿಂದ ರಕ್ತ. ಬೇಗ ತೋರಿಸಿದರೆ ವಿಟಮಿನ್ ಕೆ1 ಉಳಿಸುತ್ತದೆ.

ಪ್ರಾಣಿ ಕಪ್ಪು ನುಚ್ಚು ತಿಂದಿದ್ದರೆ ಹಾಲು, ಎಣ್ಣೆ, ಅನ್ನ ಏನನ್ನೂ ಕೊಡಬೇಡಿ. ತಿನಿಸು ಬಿದ್ದಷ್ಟೂ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆಯ ವಾಂತಿ ಕಂಡರೆ ಗಾಳಿಯಾಡುವ ಜಾಗಕ್ಕೆ ತನ್ನಿ, ನೀವೂ ಅದನ್ನು ಮೂಸಬೇಡಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ವಿಷದ ಪೊಟ್ಟಣವಿದ್ದರೆ ವೈದ್ಯರಿಗೆ ತೋರಿಸಿ.

ಮಾತಿಗೆ ಬಗ್ಗದಿದ್ದರೆ ಠಾಣೆಗೆ ಲಿಖಿತ ದೂರು ಕೊಡಿ. ವಿಷದ ವಸ್ತುವನ್ನು ಅಜಾಗರೂಕತೆಯಿಂದ ಬಳಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 286, ಕೇಡು ಬಗೆದು ಪ್ರಾಣಿ ಕೊಲ್ಲುವುದಕ್ಕೆ 325ನೇ ಕಲಂ ಇದೆ. ಎರಡನೆಯದಕ್ಕೆ ಐದು ವರ್ಷದವರೆಗೂ ಶಿಕ್ಷೆಯಾಗಬಹುದು. ನವಿಲು ಸತ್ತರೆ ಅರಣ್ಯ ಇಲಾಖೆಗೂ ತಿಳಿಸಿ. ಮುಂದೆ ಯಾವ ಪ್ರಾಣಿ ಸತ್ತರೂ ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಫಾಸ್ಫೀನ್ ಬೇಗ ಹಾರಿಹೋಗುತ್ತದೆ. ಹೊಟ್ಟೆಯ ಮಾದರಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಐಸ್‌ ಇಟ್ಟು ಕಳಿಸಲು ಕೇಳಿಕೊಳ್ಳಿ.