ಅಂಗೀಕಾರವಾದ ಲೇಖನದ ಅಂತಿಮ ಕಡತವನ್ನು ಎಲ್ಲಿಂದ ಸಿದ್ಧಪಡಿಸಲು ಆರಂಭಿಸಬೇಕು?

ನಿಮ್ಮ ಲೇಖನ ಅಂಗೀಕಾರವಾಗಿದೆ. ಎರಡು ವಾರಗಳೊಳಗೆ ಜರ್ನಲ್‌ನ ವಿನ್ಯಾಸ ನಿಯಮಗಳಿಗೂ ಸುಗಮ್ಯತೆಯ (ಕಣ್ಣು ಕಾಣದವರೂ ಸೇರಿ ಎಲ್ಲರಿಗೂ ಓದಲು ಆಗುವಂತಿರುವುದರ) ಮಾನದಂಡಗಳಿಗೂ ಹೊಂದುವ ಅಂತಿಮ ಕಡತವನ್ನು ಕಳುಹಿಸಬೇಕೆಂದು ಪತ್ರ ಬಂದಿದೆ. ವರ್ಡ್‌ನಲ್ಲಿರುವ ಹಸ್ತಪ್ರತಿಯಲ್ಲಿ ಐದು ಚಿತ್ರಗಳೂ ಮೂರು ಕೋಷ್ಟಕಗಳೂ ಇವೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ದುಡ್ಡು ಕೊಟ್ಟು ಯಾರಿಂದಲಾದರೂ ಮಾಡಿಸಬಹುದೇ ಎಂದು ಕೇಳಿದ್ದೀರಿ. ನಾನು ಈ ಹಂತವನ್ನು ಹಲವು ಬಾರಿ ದಾಟಿದ್ದೇನೆ, ಸಹೋದ್ಯೋಗಿಗಳ ಕಡತಗಳನ್ನೂ ತಿದ್ದಿಕೊಟ್ಟಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ನೀವೇ ಮಾಡಿ. ಇದರಲ್ಲಿ ಬಹುಪಾಲು ತಾಳ್ಮೆಯ ಕೆಲಸ. ಉಳಿದದ್ದು ನಿಮ್ಮ ಸಂಶೋಧನೆಯನ್ನು ಬಲ್ಲವರಿಗೆ ಮಾತ್ರ ಸಾಧ್ಯವಾಗುವಂಥದ್ದು.

ಆರಂಭಿಸುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ಕಳುಹಿಸುವ ಪುಟದ ಅಂದ ಯಾವ ಓದುಗನ ಕಣ್ಣಿಗೂ ಬೀಳುವುದಿಲ್ಲ. ಅನೇಕ ಪ್ರಕಾಶಕರು ವರ್ಡ್ ಕಡತವನ್ನು ಎಕ್ಸ್‌ಎಂಎಲ್ ಎಂಬ, ಪ್ರತಿ ಭಾಗಕ್ಕೂ ಯಂತ್ರ ಓದಬಲ್ಲ ಗುರುತಿರುವ ರೂಪಕ್ಕೆ, ಸಾಮಾನ್ಯವಾಗಿ ಜಾಟ್ಸ್ ಎಂದು ಕರೆಯುವ ಮಾದರಿಗೆ, ಪರಿವರ್ತಿಸಿ, ಪಿಡಿಎಫ್ ಮತ್ತು ಜಾಲಪುಟ ಎರಡನ್ನೂ ಅದರಿಂದಲೇ ತಯಾರಿಸುತ್ತಾರೆ. ಆ ಪರಿವರ್ತನೆಯಲ್ಲಿ ಉಳಿಯುವುದು ಯಾವುದು ಏನು ಎಂದು ನೀವು ಗುರುತು ಹಾಕಿಟ್ಟ ಭಾಗ ಮಾತ್ರ. ಹದಿನಾಲ್ಕು ಪಾಯಿಂಟಿನ ದಪ್ಪಕ್ಷರದಲ್ಲಿ ಬರೆದ ‘ಫಲಿತಾಂಶಗಳು’ ಎಂಬ ಪದ ನಮ್ಮ ಕಣ್ಣಿಗೆ ಶೀರ್ಷಿಕೆ, ಯಂತ್ರಕ್ಕೆ ದಪ್ಪನೆಯ ಅಕ್ಷರಗಳಿರುವ ಒಂದು ಸಾಲು. ಅದಕ್ಕೆ ‘ಹೆಡಿಂಗ್ 1’ ಎಂಬ ಸ್ಟೈಲನ್ನು, ಅಂದರೆ ವರ್ಡ್‌ನ ಸಿದ್ಧ ಗುರುತನ್ನು, ಕೊಟ್ಟರೆ ಎರಡಕ್ಕೂ ಅದು ಶೀರ್ಷಿಕೆಯೇ. ಕಣ್ಣು ಕಾಣದ ಓದುಗರು ಬಳಸುವ ಎನ್‌ವಿಡಿಎ, ಜಾಸ್ ಮುಂತಾದ ಸ್ಕ್ರೀನ್ ರೀಡರ್‌ಗಳಲ್ಲಿ (ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳಲ್ಲಿ) ‘ಎಚ್’ ಕೀಲಿಯನ್ನು ಒತ್ತುತ್ತ ಜಾಲಪುಟದ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯಬಹುದು, ಮತ್ತು ಅವರಿಗೆ ನೆರವಾಗುವುದೂ ಇದೇ ಗುರುತು. ಆದ್ದರಿಂದ ಪತ್ರದಲ್ಲಿ ಬೇರೆ ಬೇರೆಯಾಗಿ ಕಾಣುವ ವಿನ್ಯಾಸ ಮತ್ತು ಸುಗಮ್ಯತೆ ಎಂಬ ಎರಡು ಬೇಡಿಕೆಗಳು ಬಹುಮಟ್ಟಿಗೆ ಒಂದೇ ಕೆಲಸದ ಎರಡು ಹೆಸರುಗಳು.

ಮೊದಲು ಕಡತದ ಒಂದು ನಕಲನ್ನು ಮಾಡಿಟ್ಟುಕೊಂಡು ‘ಟ್ರ್ಯಾಕ್ ಚೇಂಜಸ್’ನಲ್ಲಿ ಉಳಿದ ತಿದ್ದುಪಡಿಗಳನ್ನೆಲ್ಲ ಇತ್ಯರ್ಥಮಾಡಿ, ಟಿಪ್ಪಣಿಗಳನ್ನು ಅಳಿಸಿ. ವಿಮರ್ಶಕರಿಗೆ ಹೆಸರು ಗೊತ್ತಾಗಬಾರದೆಂದು ತೆಗೆದದ್ದನ್ನೆಲ್ಲ ಈಗ ಮರಳಿ ಸೇರಿಸಬೇಕು: ಲೇಖಕರ ಹೆಸರು ಮತ್ತು ಸಂಸ್ಥೆ, ಸಂಶೋಧಕರನ್ನು ಗುರುತಿಸುವ ಹದಿನಾರು ಅಂಕೆಗಳ ಆರ್ಕಿಡ್ ಗುರುತು, ಧನಸಹಾಯದ ವಿವರ, ನೈತಿಕ ಸಮಿತಿಯ ಅನುಮತಿ, ದತ್ತಾಂಶ ಎಲ್ಲಿ ಲಭ್ಯವೆಂಬ ಹೇಳಿಕೆ, ಕೃತಜ್ಞತೆ. ಯಾರು ಯಾವ ಕೆಲಸ ಮಾಡಿದರೆಂದು ಹದಿನಾಲ್ಕು ಪಾತ್ರಗಳ ಕ್ರೆಡಿಟ್ ಪಟ್ಟಿಯ ಪ್ರಕಾರ ಬರೆಯಬೇಕೆಂದು ಜರ್ನಲ್ ಕೇಳಿದ್ದರೆ ಸಹಲೇಖಕರಿಗೆ ಇವತ್ತೇ ಪತ್ರ ಬರೆಯಿರಿ, ಏಕೆಂದರೆ ಇಡೀ ಕೆಲಸದಲ್ಲಿ ನಿಮ್ಮ ಕೈಯಲ್ಲಿಲ್ಲದ ಭಾಗ ಅದೊಂದೇ. ನನ್ನದೇ ಒಂದು ಲೇಖನದ ಮಧ್ಯದಲ್ಲಿ ‘ಲೇಖಕರು, 2016’ ಎಂಬ ಮುಸುಕಿನ ಉಲ್ಲೇಖವೊಂದು ಹಾಗೆಯೇ ಉಳಿದು ಅಚ್ಚಾಗಿ ಹೋಗಿದೆ. ಈಗಲೂ ಆ ಪುಟ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಅಂಥ ಪದಗಳನ್ನು ಕಣ್ಣಿನಿಂದ ಹುಡುಕಬೇಡಿ, ‘ಫೈಂಡ್’ ಬಳಸಿ ಹುಡುಕಿ.

ಬಳಿಕ ಶೀರ್ಷಿಕೆಗಳಿಗೆ ಸ್ಟೈಲ್ ಕೊಡಿ. ಒಂದನೆಯ ಹಂತದಿಂದ ನೇರವಾಗಿ ಮೂರನೆಯ ಹಂತಕ್ಕೆ ಹಾರಬಾರದು. ‘ನ್ಯಾವಿಗೇಷನ್ ಪೇನ್’ ತೆರೆದರೆ ಲೇಖನದ ಅಸ್ಥಿಪಂಜರ ಪಕ್ಕದಲ್ಲಿ ಮೂಡುತ್ತದೆ, ಅಲ್ಲಿ ಕಾಣದ ಶೀರ್ಷಿಕೆ ಶೀರ್ಷಿಕೆಯಲ್ಲ. ಖಾಲಿ ಎಂಟರ್‌ಗಳಿಂದ ತಳ್ಳಿದ ಪುಟಗಳು, ಟ್ಯಾಬ್ ಒತ್ತಿ ಮಾಡಿದ ಅಂಚುಗಳು, ಕೈಯಿಂದ ಬರೆದ 1, 2, 3ರ ಪಟ್ಟಿಗಳು ಇವೆಲ್ಲ ಹೋಗಲಿ. ಬೇರೆ ಭಾಷೆಯ ಉದ್ಧರಣೆಗಳಿದ್ದರೆ ಅಷ್ಟು ಭಾಗವನ್ನು ಆಯ್ದು ಅದರ ಭಾಷೆ ಯಾವುದೆಂದು ಗುರುತಿಸಿ, ಇಲ್ಲವಾದರೆ ಸ್ಕ್ರೀನ್ ರೀಡರ್ ಅದನ್ನು ತಪ್ಪು ಉಚ್ಚಾರಣೆಯಲ್ಲಿ ಓದುತ್ತದೆ.

ಚಿಹ್ನೆಗಳ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅಗತ್ಯ, ಏಕೆಂದರೆ ಇಲ್ಲಿನ ತಪ್ಪು ಅಂದಗೆಡಿಸುವುದಷ್ಟೇ ಅಲ್ಲ, ಅರ್ಥವನ್ನೇ ಬದಲಿಸುತ್ತದೆ. ಹಳೆಯ ಕಡತಗಳಲ್ಲಿ ಮೈಕ್ರೋ ಚಿಹ್ನೆಯನ್ನು ‘ಸಿಂಬಲ್’ ಎಂಬ ಫಾಂಟಿನಲ್ಲಿ ‘ಎಮ್’ ಅಕ್ಷರ ಒತ್ತಿ ಮೂಡಿಸುವ ರೂಢಿ ಇತ್ತು. ಪರಿವರ್ತನೆಯಲ್ಲಿ ಆ ಫಾಂಟ್ ಕಳಚಿಬಿದ್ದರೆ ಒಳಗಿನ ‘ಎಮ್’ ಹೊರಗೆ ಬರುತ್ತದೆ, ಐದು ಮೈಕ್ರೋಗ್ರಾಂ ಐದು ಮಿಲಿಗ್ರಾಂ ಆಗುತ್ತದೆ, ಅಂದರೆ ಪ್ರಮಾಣ ಸಾವಿರ ಪಟ್ಟು ಹೆಚ್ಚುತ್ತದೆ. ಮೈಕ್ರೋಗೆ ಯೂನಿಕೋಡ್‌ನಲ್ಲಿ ಅದರದೇ ಚಿಹ್ನೆ ಇದೆ, ಅದನ್ನೇ ಬಳಸಿ. ಹಾಗೆಯೇ ಋಣ ಚಿಹ್ನೆಯ ಜಾಗದಲ್ಲಿ ಕೀಲಿಮಣೆಯ ಅಡ್ಡಗೆರೆಯನ್ನು ಹಾಕಿದ್ದರೆ ಸ್ಕ್ರೀನ್ ರೀಡರ್ ಅದನ್ನು ಓದದೆ ಮುಂದೆ ಹೋಗುವ ಸಂಭವವಿದೆ. ಆಗ ಕೇಳುವವರಿಗೆ ಋಣ ಮೂರು ಬರೀ ಮೂರಾಗಿ ತಲುಪುತ್ತದೆ. ಸಮೀಕರಣಗಳನ್ನು ಚಿತ್ರಗಳಾಗಿ ಅಂಟಿಸದೆ ವರ್ಡ್‌ನ ಸಮೀಕರಣ ಸಾಧನದಲ್ಲೋ ಜರ್ನಲ್ ಒಪ್ಪುವ ಬೇರೆ ತಂತ್ರಾಂಶದಲ್ಲೋ ಬರೆದಿದ್ದರೆ ಅವು ಮ್ಯಾಥ್‌ಎಂಎಲ್ ಎಂಬ, ಯಂತ್ರ ಓದಬಲ್ಲ ಗಣಿತ ರೂಪಕ್ಕೆ ಪರಿವರ್ತನೆಯಾಗಬಲ್ಲವು.

ಕೋಷ್ಟಕಗಳ ಕಷ್ಟ ನನಗೆ ಅರ್ಥವಾದದ್ದು ನನ್ನದೇ ಕೋಷ್ಟಕವೊಂದನ್ನು ಕಿವಿಯಿಂದ ಕೇಳಿದ ದಿನ. ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು, ಪರದೆಯನ್ನು ಆರಿಸಿ, ‘ಪ್ರಾಯೋಗಿಕ ಗುಂಪು’ ಎಂಬ ತಲೆಬರಹದಡಿ ಮೂರು ಕಾಲಂಗಳನ್ನು ಕೂಡಿಸಿ ಮಾಡಿದ್ದ ಚೆಂದದ ಕೋಷ್ಟಕವನ್ನು ಓದಿಸಿದೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಅದು ಹೇಳುತ್ತಿದ್ದ ಸಂಖ್ಯೆ ಯಾವ ಗುಂಪಿನದು, ಯಾವ ವಾರದ್ದು ಎಂಬುದು ಬರೆದವನಿಗೇ ತಿಳಿಯಲಿಲ್ಲ. ಅಂದಕ್ಕಾಗಿ ಖಾಲಿ ಬಿಟ್ಟಿದ್ದ ಮನೆಗಳಲ್ಲಿ ‘ಖಾಲಿ’, ‘ಖಾಲಿ’ ಎಂದು ಮತ್ತೆ ಮತ್ತೆ ಕೇಳಿಸಿತು. ಅಂದಿನಿಂದ ಕೂಡಿಸಿದ ಮನೆಗಳನ್ನು ಬಿಡಿಸಿ ಪ್ರತಿ ಕಾಲಂಗೂ ಪೂರ್ಣ ತಲೆಬರಹ ಕೊಡುತ್ತೇನೆ, ಮೊದಲ ಸಾಲನ್ನು ‘ಹೆಡರ್ ರೋ’ ಎಂದು ಗುರುತಿಸುತ್ತೇನೆ, ಮೌಲ್ಯವಿಲ್ಲದ ಮನೆಯಲ್ಲಿ ‘ಅನ್ವಯಿಸದು’ ಎಂದು ಬರೆಯುತ್ತೇನೆ. ಒಂದು ಕೋಷ್ಟಕ ಇದಕ್ಕೆ ಬಗ್ಗದಷ್ಟು ಜಟಿಲವಾಗಿದ್ದರೆ ಅದು ನಿಜವಾಗಿ ಎರಡು ಕೋಷ್ಟಕಗಳಾಗಿರುತ್ತದೆ. ಕೋಷ್ಟಕವನ್ನು ಚಿತ್ರವಾಗಿ ಅಂಟಿಸುವುದಂತೂ ಕೂಡದು.

ಚಿತ್ರಗಳನ್ನು ವರ್ಡ್‌ನೊಳಗಿನಿಂದ ಹೊರತೆಗೆದು ಕಳುಹಿಸಬೇಡಿ, ಏಕೆಂದರೆ ಸಾಮಾನ್ಯ ಸ್ಥಿತಿಯಲ್ಲಿ ಕಡತವನ್ನು ಉಳಿಸುವಾಗ ಅದು ಚಿತ್ರಗಳ ಸ್ಫುಟತೆಯನ್ನು ಇಂಚಿಗೆ 220 ಪಿಕ್ಸೆಲ್‌ಗೆ ಇಳಿಸಿಬಿಡುತ್ತದೆ. ಜರ್ನಲ್‌ಗಳು ಛಾಯಾಚಿತ್ರಕ್ಕೆ ಸಾಮಾನ್ಯವಾಗಿ 300 ಕೇಳುತ್ತವೆ, ಗೆರೆಚಿತ್ರಕ್ಕೆ ಅದಕ್ಕಿಂತ ಬಹಳ ಹೆಚ್ಚು. ಮೂಲ ತಂತ್ರಾಂಶಕ್ಕೆ ಮರಳಿ, ಅಚ್ಚಾಗುವ ಗಾತ್ರದಲ್ಲೇ ಚಿತ್ರವನ್ನು ತೆಗೆಯಿರಿ. ಒಂದು ಅಂಕಣದ ಅಗಲ 85 ಮಿಲಿಮೀಟರ್ ಎಂದಿದ್ದರೆ, 300ರ ಲೆಕ್ಕದಲ್ಲಿ ಅಗಲಕ್ಕೆ ಸುಮಾರು 1004 ಪಿಕ್ಸೆಲ್ ಬೇಕು. 170 ಮಿಲಿಮೀಟರ್ ಅಗಲಕ್ಕೆ ಎಂಟು ಪಾಯಿಂಟಿನ ಅಕ್ಷರಗಳಲ್ಲಿ ಬರೆದ ನಕ್ಷೆಯನ್ನು ಒಂದು ಅಂಕಣಕ್ಕೆ ಕುಗ್ಗಿಸಿದರೆ ಅಕ್ಷರಗಳು ನಾಲ್ಕು ಪಾಯಿಂಟಿಗೆ ಇಳಿಯುತ್ತವೆ. ಆಗ ಕಣ್ಣು ಚೆನ್ನಾಗಿರುವವರಿಗೂ ಭೂತಗನ್ನಡಿ ಬೇಕು. ಗೆರೆಚಿತ್ರಗಳನ್ನು ವೆಕ್ಟರ್ ರೂಪದಲ್ಲಿ (ಎಷ್ಟು ಹಿಗ್ಗಿಸಿದರೂ ಸ್ಫುಟತೆ ಕಳೆದುಕೊಳ್ಳದ ರೂಪದಲ್ಲಿ) ಕೊಡಲು ಅವಕಾಶವಿದ್ದರೆ ಈ ಲೆಕ್ಕಾಚಾರದ ಗೊಡವೆಯೇ ಇಲ್ಲ.

ಬಣ್ಣದ ವಿಷಯದಲ್ಲಿ ನಿಮ್ಮ ಪತ್ರ ಡಬ್ಲ್ಯುಸಿಎಜಿ ಎಂಬ, ಜಾಲದ ಸುಗಮ್ಯತೆಯ ಮಾನದಂಡದ ಹೆಸರು ಹೇಳಿರಬಹುದು. ಅದರ ಎಎ ಹಂತದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ವೈದೃಶ್ಯ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕು, 2018ರ 2.1 ಆವೃತ್ತಿ ನಕ್ಷೆಯ ಗೆರೆ, ಕಂಬಗಳಂಥ ಅರ್ಥಪೂರ್ಣ ಭಾಗಗಳಿಗೂ 3:1ರ ಮಿತಿಯನ್ನು ಸೇರಿಸಿತು. ಬಿಳಿಯ ಮೇಲಿನ ಅಪ್ಪಟ ಹಳದಿ ಗೆರೆಯ ವೈದೃಶ್ಯ ಸುಮಾರು 1.07:1, ಅಂದರೆ ಇಲ್ಲವೇ ಇಲ್ಲ ಎನ್ನಬಹುದು. ಅಪ್ಪಟ ಕೆಂಪು ಸುಮಾರು 4:1 ಬರುತ್ತದೆ, ಗೆರೆಗೆ ಸಾಕು, ಸಣ್ಣ ಅಕ್ಷರಕ್ಕೆ ಸಾಲದು. ಮಿತಿ ಮುಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ: ಕೆಂಪು ಮತ್ತು ಹಸಿರಿನ ನಡುವೆ ವ್ಯತ್ಯಾಸ ಕಾಣದ ಓದುಗರಿಗೆ ‘ಕೆಂಪು ಗೆರೆಯನ್ನು ನೋಡಿ’ ಎಂಬ ವಾಕ್ಯ ನಿರರ್ಥಕ. ಒಂದು ಗೆರೆಯನ್ನು ತುಂಡುಗೆರೆಯಾಗಿಸಿ, ಬಿಂದುಗಳ ಆಕಾರ ಬದಲಿಸಿ, ಸಾಧ್ಯವಿದ್ದಲ್ಲಿ ಗೆರೆಯ ತುದಿಯಲ್ಲೇ ಅದರ ಹೆಸರನ್ನು ಬರೆಯಿರಿ. ನಕ್ಷೆಯನ್ನು ಒಮ್ಮೆ ಕಪ್ಪು ಬಿಳುಪಿನಲ್ಲಿ ಮುದ್ರಿಸಿ ನೋಡುವುದು ನಾನು ಕಂಡ ಅತ್ಯಂತ ಸುಲಭದ ಪರೀಕ್ಷೆ.

ಈಗ ಪರ್ಯಾಯ ಪಠ್ಯ, ಅಂದರೆ ಆಲ್ಟ್ ಟೆಕ್ಸ್ಟ್. ದುಡ್ಡು ಕೊಟ್ಟು ಮಾಡಿಸಬೇಡಿ ಎಂದು ನಾನು ಹೇಳಿದ್ದು ಮುಖ್ಯವಾಗಿ ಇದರ ಕಾರಣಕ್ಕೆ. ಉದಾಹರಣೆಗೆ, ನಿದ್ರೆ ಮತ್ತು ಪ್ರತಿಕ್ರಿಯಾ ಸಮಯದ ಬಗ್ಗೆ ಒಂದು ರೇಖಾನಕ್ಷೆ ಇದೆ ಎಂದಿಟ್ಟುಕೊಳ್ಳೋಣ. ‘ಚಿತ್ರ 2’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ನೀಲಿ ಮತ್ತು ಕಿತ್ತಳೆ ಗೆರೆಗಳಿರುವ ರೇಖಾನಕ್ಷೆ’ ಎಂದರೆ ಕಣ್ಣಿಗೆ ಕಂಡದ್ದನ್ನು ಹೇಳಿದಂತಾಯಿತು, ನಕ್ಷೆ ಏಕೆ ಅಲ್ಲಿದೆ ಎಂಬುದನ್ನು ಹೇಳಲಿಲ್ಲ. ಹೊರಗಿನವರಿಂದ ಬರೆಸಿದರೆ ಹೆಚ್ಚಾಗಿ ಸಿಗುವುದು ಇಷ್ಟೇ. ನಾನು ಬರೆಯುವುದು ಹೀಗೆ: ‘ಆರು ದಿನಗಳ ರೇಖಾನಕ್ಷೆ. ಎಂಟು ಗಂಟೆ ನಿದ್ರಿಸಿದ ಗುಂಪಿನ ಪ್ರತಿಕ್ರಿಯಾ ಸಮಯ 280 ಮಿಲಿಸೆಕೆಂಡ್ ಆಸುಪಾಸಿನಲ್ಲೇ ಉಳಿದಿದೆ. ಐದು ಗಂಟೆ ನಿದ್ರಿಸಿದ ಗುಂಪಿನಲ್ಲಿ ಅದು ಮೂರನೆಯ ದಿನದಿಂದ ಏರುತ್ತ ಆರನೆಯ ದಿನ 350ಕ್ಕೆ ತಲುಪಿದೆ.’ ಫೋನಿನಲ್ಲಿ ಸಹೋದ್ಯೋಗಿಯೊಬ್ಬರಿಗೆ ಆ ನಕ್ಷೆಯನ್ನು ವಿವರಿಸಬೇಕಾಗಿ ಬಂದಿದ್ದರೆ ನೀವು ಹೇಳುತ್ತಿದ್ದದ್ದೂ ಬಹುಶಃ ಇದನ್ನೇ. ಚಿತ್ರದ ಕೆಳಗಿನ ಶೀರ್ಷಿಕೆಯನ್ನೇ ಇಲ್ಲಿ ನಕಲಿಸಬೇಡಿ, ಕೇಳುವವರಿಗೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ನಕ್ಷೆಯ ಹಿಂದಿನ ಸಂಖ್ಯೆಗಳೆಲ್ಲ ಬೇಕೆನಿಸಿದರೆ ಅವನ್ನು ಪೂರಕ ಕೋಷ್ಟಕವಾಗಿ ಕೊಟ್ಟು ಪರ್ಯಾಯ ಪಠ್ಯದಲ್ಲಿ ಅದರ ಸಂಖ್ಯೆಯನ್ನು ತಿಳಿಸಿ. ಜರ್ನಲ್ ಇದಕ್ಕೆ ಅಕ್ಷರಮಿತಿ ಇಟ್ಟಿದೆಯೇ, ಚಿತ್ರದೊಳಗೆ ಸೇರಿಸಬೇಕೇ ಅಥವಾ ಪ್ರತ್ಯೇಕ ಪಟ್ಟಿಯಾಗಿ ಕಳುಹಿಸಬೇಕೇ ಎಂಬುದನ್ನು ಲೇಖಕರ ಸೂಚನೆಗಳಲ್ಲಿ ನೋಡಿಕೊಳ್ಳಿ.

ಉಲ್ಲೇಖಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಝೊಟೆರೋ ಅಥವಾ ಎಂಡ್‌ನೋಟ್‌ನಂಥ ಉಲ್ಲೇಖ ನಿರ್ವಹಣೆಯ ತಂತ್ರಾಂಶ ಬಳಸಿದ್ದರೆ ಜರ್ನಲ್‌ನ ಶೈಲಿಯನ್ನು ಆಯ್ದು, ಪ್ರತಿ ನಮೂದಿನ ಡಿಒಐಯನ್ನು (ಲೇಖನದ ಶಾಶ್ವತ ಜಾಲ ಗುರುತನ್ನು) ಒತ್ತಿ ಅದು ಸರಿಯಾದ ಲೇಖನಕ್ಕೇ ಹೋಗುತ್ತದೆಯೇ ಎಂದು ನೋಡಿ, ಆ ತಂತ್ರಾಂಶದೊಂದಿಗಿನ ಒಳಸಂಪರ್ಕಗಳನ್ನು ಕಳಚಬೇಕೆಂದು ಜರ್ನಲ್ ಕೇಳಿದ್ದರೆ ಕಡತದ ನಕಲಿನಲ್ಲಿ ಮಾತ್ರ ಕಳಚಿ. ಒಮ್ಮೆ ಕಳಚಿದರೆ ಪಟ್ಟಿ ಬರೀ ಪಠ್ಯವಾಗುತ್ತದೆ, ಮರಳಿ ಜೋಡಿಸಲಾಗುವುದಿಲ್ಲ. ಪಠ್ಯದೊಳಗಿನ ಕೊಂಡಿಗಳಿಗೆ ‘ಇಲ್ಲಿ ಒತ್ತಿ’ ಎಂಬುದರ ಬದಲು ಅವು ಒಯ್ಯುವ ಜಾಗದ ಹೆಸರನ್ನೇ ಕೊಡಿ.

ಕೊನೆಗೆ ವರ್ಡ್‌ನ ‘ರಿವ್ಯೂ’ ಪಟ್ಟಿಯಲ್ಲಿರುವ ‘ಚೆಕ್ ಆ್ಯಕ್ಸೆಸಿಬಿಲಿಟಿ’ಯನ್ನು ಚಾಲನೆಮಾಡಿ. ಪರ್ಯಾಯ ಪಠ್ಯ ಇಲ್ಲದ ಚಿತ್ರವನ್ನೂ ತಲೆಸಾಲಿಲ್ಲದ ಕೋಷ್ಟಕವನ್ನೂ ಅದು ಹಿಡಿಯುತ್ತದೆ. ಆದರೆ ‘ಚಿತ್ರ 2’ ಎಂದು ಬರೆದಿದ್ದರೂ ಅದಕ್ಕೆ ತೃಪ್ತಿಯೇ, ಹೀಗಾಗಿ ಅದು ಕೊಡುವ ಹಸಿರು ನಿಶಾನೆಯನ್ನು ಅರ್ಧ ಮಾತ್ರ ನಂಬಿ. ಪಿಡಿಎಫ್ ಕೂಡ ಕೇಳಿದ್ದರೆ ‘ಪ್ರಿಂಟ್’ ಮೂಲಕ ಮಾಡಬೇಡಿ, ನೀವು ಹಾಕಿದ ಗುರುತುಗಳೆಲ್ಲ ಅಲ್ಲಿ ಕಳೆದುಹೋಗುತ್ತವೆ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆಯ್ದು, ಆಯ್ಕೆಗಳಲ್ಲಿ ರಚನೆಯ ಟ್ಯಾಗ್‌ಗಳನ್ನು ಸೇರಿಸುವ ಗುರುತು ಇದೆಯೇ ಎಂದು ನೋಡಿಕೊಳ್ಳಿ.

ಕೆಲವು ವಾರಗಳ ನಂತರ ಪ್ರೂಫ್, ಅಂದರೆ ಪ್ರಕಟಣೆಗೆ ಮುಂಚಿನ ಕರಡಚ್ಚು, ಬರುತ್ತದೆ, ಅದನ್ನು ಎರಡು ಮೂರು ದಿನಗಳಲ್ಲೇ ಹಿಂದಿರುಗಿಸಬೇಕೆಂಬ ಗಡುವು ಸಾಮಾನ್ಯ. ಆಗ ವಾಕ್ಯಗಳನ್ನು ಹೊಸದಾಗಿ ಬರೆಯಲು ಹೋಗದೆ ಮೈಕ್ರೋ ಮತ್ತು ಋಣ ಚಿಹ್ನೆಗಳನ್ನು, ಕೋಷ್ಟಕದ ಸಂಖ್ಯೆಗಳನ್ನು, ಹೆಸರುಗಳ ಕಾಗುಣಿತವನ್ನು ನಿಮ್ಮ ಕಡತದ ಜೊತೆ ಒಂದೊಂದಾಗಿ ತಾಳೆ ನೋಡಿ. ಪುಟವನ್ನು ನೋಡಿದರೆ ಪರ್ಯಾಯ ಪಠ್ಯ ಕಾಣುವುದಿಲ್ಲ; ನನ್ನ ಒಂದು ಲೇಖನದಲ್ಲಿ ಎರಡು ಚಿತ್ರಗಳ ವಿವರಣೆ ಅದಲುಬದಲಾಗಿದ್ದು ಗೊತ್ತಾದದ್ದು ಪ್ರಕಟವಾದ ಮೇಲೆ, ಅದೂ ಓದುಗರೊಬ್ಬರು ಬರೆದು ತಿಳಿಸಿದಾಗ. ಆದ್ದರಿಂದ ಪ್ರೂಫ್ ಕಳುಹಿಸುವವರಿಗೆ ಈಗಲೇ ಒಂದು ಸಾಲು ಬರೆದು, ಪಿಡಿಎಫ್ ಜೊತೆಗೆ ಜಾಲಪುಟದ ಪ್ರೂಫನ್ನೋ ಪರ್ಯಾಯ ಪಠ್ಯಗಳ ಪಟ್ಟಿಯನ್ನೋ ಕಳುಹಿಸುವಂತೆ ಕೇಳಿಕೊಳ್ಳಿ.