ಪಾದ ಇಳಿಬಿಟ್ಟ ನೀರು ಕಂದಾದದ್ದೇಕೆ?

ಪ್ರಶ್ನೆ: ನನಗೆ 54 ವರ್ಷ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಸೊಂಟನೋವು ಹೆಚ್ಚಾಯಿತೆಂದು ಮಗಳು ಶಿವಮೊಗ್ಗದ ಒಂದು ಸ್ಪಾಗೆ ಕರೆದುಕೊಂಡು ಹೋದಳು. ಅಲ್ಲಿ ಯಂತ್ರ ಅಳವಡಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಪಾದ ಇಳಿಬಿಟ್ಟಾಗ ನೀರು ಕಂದು ಬಣ್ಣಕ್ಕೆ ತಿರುಗಿತು. ಅದು ಮೈಯಿಂದ ಹೊರಬಂದ ವಿಷವೆಂದರು. ಹಬೆಕೋಣೆಯಿಂದ ಬಂದು ತೂಗಿದಾಗ ಮುಕ್ಕಾಲು ಕಿಲೋ ಇಳಿದಿತ್ತು. ಹತ್ತು ಸಲ ಬಂದರೆ ಮಾತ್ರೆಯನ್ನೇ ಬಿಡಬಹುದು ಎನ್ನುತ್ತಾರೆ. ನಂಬಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಮಾತ್ರೆ ಬಿಡಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಕಳವಳಗೊಳಿಸಿದ್ದು ಆ ಮಾತೊಂದೇ.

ಇನ್ನು ನೀರಿನ ಬಣ್ಣದ ವಿಚಾರ. ಆ ಯಂತ್ರದಲ್ಲಿ ಲೋಹದ ಪಟ್ಟಿಗಳಿದ್ದು, ಉಪ್ಪುನೀರಿನಲ್ಲಿ ವಿದ್ಯುತ್ ಹರಿದಾಗ ಅವುಗಳಲ್ಲಿರುವ ಕಬ್ಬಿಣ ಸವೆದು ತುಕ್ಕಾಗಿ ನೀರಿಗೆ ಸೇರುತ್ತದೆ. ಮಳೆಗಾಲದಲ್ಲಿ ತೋಟದಲ್ಲೇ ಮರೆತು ಬಂದ ಕತ್ತಿಗೆ ಹಿಡಿಯುವ ಬಣ್ಣವೂ ಇದೇ. ಮುಂದಿನ ಸಲ ಹೋದರೆ, ಯಾರೂ ಕಾಲಿಡದೆ ಅಷ್ಟೇ ಉಪ್ಪು ಹಾಕಿ ಅಷ್ಟೇ ಹೊತ್ತು ಯಂತ್ರ ನಡೆಸಿ ತೋರಿಸಲು ಹೇಳಿ. ನೀರು ಆಗಲೂ ಕಂದಾಗುತ್ತದೆ. ದೇಹಕ್ಕೆ ಬೇಡವಾದದ್ದನ್ನು ಹೊರಹಾಕಲು ಯಕೃತ್ತು, ಮೂತ್ರಪಿಂಡಗಳಿವೆ. ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೆರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕಳಿಸುತ್ತವೆ. ಅಂಗಾಲಿನ ಚರ್ಮಕ್ಕೆ ಆ ಸಾಮರ್ಥ್ಯವಿಲ್ಲ.

ಇಳಿದ ತೂಕ ಬೆವರಿನದು. ಬೆವರು ಬಹುಪಾಲು ನೀರು, ಒಂದಿಷ್ಟು ಉಪ್ಪು. ಎರಡು ಮೂರು ಲೋಟ ನೀರು ಕುಡಿದರೆ ಆ ತೂಕ ಮರಳುತ್ತದೆ, ಮರಳಲೇಬೇಕು.

ಹಾಗೆಂದು ಎಣ್ಣೆ ನೀವುವುದೂ ಬಿಸಿನೀರೂ ನಿಷ್ಪ್ರಯೋಜಕವಲ್ಲ. ದೀಪಾವಳಿಯಲ್ಲಿ ಹಂಡೆ ತುಂಬಿಸಿ, ಬಚ್ಚಲೊಲೆಗೆ ಬೆಂಕಿ ಹಾಕಿ, ಮೈಗೆ ಎಣ್ಣೆ ಹಚ್ಚಿಕೊಂಡು ಮಿಂದ ದಿನ ಬರುವ ನಿದ್ದೆಯನ್ನು ನಮ್ಮ ಕಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಬಿಗಿದ ಸ್ನಾಯು ಸಡಿಲವಾಗಿ ಸೊಂಟನೋವು ಕೆಲಕಾಲ ತಗ್ಗಬಹುದು, ಮನಸ್ಸಿಗೂ ಹಿತವೆನಿಸುತ್ತದೆ. ಆದರೆ ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ಅದನ್ನು ಯಾರಿಂದಲೂ ತಿಕ್ಕಿಸಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿರುತ್ತದೆ.

ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುವುದುಂಟು. ಅಂಥವರಿಗೆ ನೀರು ಸುಡುತ್ತಿದ್ದರೂ ತಿಳಿಯುವುದಿಲ್ಲ. ಸ್ಪಾ ಇರಲಿ, ಮನೆಯ ಬಚ್ಚಲಿರಲಿ, ನೀರನ್ನು ಮೊದಲು ಮೊಣಕೈ ಅದ್ದಿ ನೋಡಿ. ಮಿಂದ ಮೇಲೆ ಬೆರಳ ಸಂದುಗಳನ್ನು ಒರೆಸಿಕೊಂಡು, ಬೊಬ್ಬೆ ಎದ್ದಿದೆಯೇ ಎಂದು ಮಗಳಿಂದ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ರೆಸಾರ್ಟ್‌ನಲ್ಲಿ ಒಂದು ಗಂಟೆಯ ‘ಪಂಚಕರ್ಮ’ ಮಾಡಿಸಿಕೊಂಡೆ. ವರ್ಷಕ್ಕೊಮ್ಮೆ ಸಾಕೇ?
— ಓದುಗರೊಬ್ಬರು, ಸಾಗರ

ಉತ್ತರ: ನೀವು ಮಾಡಿಸಿಕೊಂಡದ್ದು ಬಹುಶಃ ಅಭ್ಯಂಗ ಮತ್ತು ಸ್ವೇದನ, ಅಂದರೆ ಎಣ್ಣೆ ನೀವುವುದು ಮತ್ತು ಬೆವರಿಸುವುದು. ಆಯುರ್ವೇದದಲ್ಲಿ ಅವು ಪಂಚಕರ್ಮಕ್ಕೆ ಮುಂಚಿನ ಸಿದ್ಧತೆ. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಗುದದ್ವಾರದ ಮೂಲಕ ಔಷಧ ಕೊಡುವುದು), ನಸ್ಯ (ಮೂಗಿಗೆ ಔಷಧ ಹಾಕುವುದು), ರಕ್ತಮೋಕ್ಷಣ (ರಕ್ತ ಹೊರಬಿಡುವುದು) ಎಂಬ ಐದು ಕರ್ಮಗಳಿಗೆ ವೈದ್ಯರ ತಪಾಸಣೆ, ಪಥ್ಯ, ಹಲವು ದಿನಗಳ ನಿಗಾ ಬೇಕು. ನಿಜವಾಗಿ ಅಗತ್ಯವಿದೆ ಅನ್ನಿಸಿದರೆ ಶಿವಮೊಗ್ಗದ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ನಾಡಿ ಹಿಡಿದು ನೋಡುವ ವೈದ್ಯರೇ ಇಲ್ಲದ ಕಡೆ ವಮನ, ವಿರೇಚನಗಳಿಗೆ ಒಪ್ಪಬೇಡಿ.