ಓದುಗರ ಪ್ರಶ್ನೆ: ಪ್ರಾಜೆಕ್ಟ್ ಗುಂಪಿನ ಒಳಜಗಳಗಳು

ಪ್ರಶ್ನೆ: ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರಾಜೆಕ್ಟ್‌ಗಾಗಿ ನಾಲ್ವರು ಸೇರಿ ಸಣ್ಣ ರೋಬೋಟ್ ಕಟ್ಟುತ್ತಿದ್ದೇವೆ. ಎಲ್ಲರೂ ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಜೋಡಿಸಲು ಹೊರಟರೆ ಮಾತ್ರ ಒಂದೂ ಹೊಂದುತ್ತಿಲ್ಲ. ಈಗ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದೇವೆ. ನಮ್ಮಲ್ಲಿ ಹೊಂದಾಣಿಕೆ ಇಲ್ಲವೇ?

ಉತ್ತರ: ಹೊಂದಾಣಿಕೆ ತಪ್ಪಿರುವುದು ನಿಮ್ಮ ಸ್ವಭಾವಗಳಲ್ಲಲ್ಲ, ಕೆಲಸದ ಸಂದುಗಳಲ್ಲಿ. ಭಾಗಗಳನ್ನು ಹಂಚಿಕೊಂಡಿರಿ. ಎರಡು ಭಾಗ ಕೂಡುವ ಜಾಗ ಯಾರ ಹೊಣೆ ಎಂಬುದನ್ನು ಹಂಚಿಕೊಳ್ಳಲಿಲ್ಲ. ಅನುಭವಿಗಳ ತಂಡಗಳೂ ಇಲ್ಲೇ ಎಡವಿವೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಬಳಿ ಕಳೆದುಹೋಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಥ್ರಸ್ಟರ್‌ಗಳ, ಅಂದರೆ ನೌಕೆಯ ಪುಟ್ಟ ಎಂಜಿನ್‌ಗಳ, ತಳ್ಳುವಿಕೆಯ ಲೆಕ್ಕವನ್ನು ಪೌಂಡ್-ಫೋರ್ಸ್ ಸೆಕೆಂಡ್ ಎಂಬ ಯೂನಿಟ್‌ನಲ್ಲಿ ಕೊಡುತ್ತಿತ್ತು, ಅದನ್ನು ಬಳಸುವವರು ಮೆಟ್ರಿಕ್ ಯೂನಿಟ್ಟಾದ ನ್ಯೂಟನ್ ಸೆಕೆಂಡ್ ಎಂದೇ ಓದಿಕೊಂಡರು. ಎರಡರ ನಡುವೆ ಸುಮಾರು 4.45 ಪಟ್ಟು ವ್ಯತ್ಯಾಸ.

ಈಗಲೇ ಒಂದು ಹಾಳೆ ತೆಗೆದುಕೊಂಡು ಪ್ರತಿ ಸಂದಿಗೂ ಒಂದು ಸಾಲು ಬರೆಯಿರಿ: ಯಾವ ಸಿಗ್ನಲ್, ಎಷ್ಟು ವೋಲ್ಟ್, ಯಾವ ಯೂನಿಟ್, ಸೆಕೆಂಡಿಗೆ ಎಷ್ಟು ಸಲ, ಕನೆಕ್ಟರಿನ ಪಿನ್‌ಗಳ ಕ್ರಮ, ಸ್ಕ್ರೂ ತೂತುಗಳ ನಡುವಿನ ಅಂತರ, ಎಕ್ಸ್ ಅಕ್ಷ ಯಾವ ಕಡೆಗೆ. ಸಾಲಿನ ಕೊನೆಗೆ ಒಬ್ಬರ ಹೆಸರು. ಇಬ್ಬರ ಹೆಸರು ಬರೆದರೆ ಯಾರೂ ನೋಡುವುದಿಲ್ಲ. ಅಳತೆ ಬದಲಿಸಬೇಕಾದರೆ ಮೊದಲು ಹಾಳೆ ತಿದ್ದಿ, ಆಚೆ ಬದಿಯವರಿಗೆ ತಿಳಿಸಿ, ಆಮೇಲೆ ಬೋರ್ಡ್ ಮುಟ್ಟಬೇಕು.

ನಿಮ್ಮಂಥ ಪ್ರಾಜೆಕ್ಟ್‌ನಲ್ಲಿ ಮೊದಲು ಪರೀಕ್ಷಿಸಬೇಕಾದವು ಮೂರು. 5 ವೋಲ್ಟ್ ಸೆನ್ಸರ್ ಔಟ್‌ಪುಟ್ಟನ್ನು 3.3 ವೋಲ್ಟ್ ಮಾತ್ರ ತಾಳುವ ಕಂಟ್ರೋಲರ್ ಪಿನ್ನಿಗೆ ನೇರವಾಗಿ ಕೊಟ್ಟಿದ್ದೀರಾ? ಪಿನ್ ಸುಟ್ಟಿರಬಹುದು. ಒಬ್ಬರು ಕೋನವನ್ನು ಡಿಗ್ರಿಯಲ್ಲಿ ಕಳಿಸಿ ಇನ್ನೊಬ್ಬರು ರೇಡಿಯನ್ ಎಂದುಕೊಂಡಿದ್ದಾರೆಯೇ? ಬೇರೆ ಬೇರೆ ಬ್ಯಾಟರಿಯಿಂದ ನಡೆಯುವ ಮೋಟಾರ್ ಡ್ರೈವರ್ ಮತ್ತು ಕಂಟ್ರೋಲರ್‌ಗಳ ಗ್ರೌಂಡ್ ತಂತಿ ಕೂಡಿಸಿದ್ದೀರಾ? ಕೂಡಿಸದಿದ್ದರೆ ಸಿಗ್ನಲ್ ಅಡ್ಡಾದಿಡ್ಡಿಯಾಗುತ್ತದೆ, ಪ್ರೋಗ್ರಾಂ ಬರೆದವರು ಸುಮ್ಮನೆ ಬೈಗುಳ ತಿನ್ನುತ್ತಾರೆ.

ಮುಂದಿನ ಪ್ರಾಜೆಕ್ಟ್‌ನಲ್ಲಿ ಜೋಡಣೆಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಎರಡನೇ ವಾರದಲ್ಲೇ ನಕಲಿ ಭಾಗಗಳಿಂದ ಒಮ್ಮೆ ಜೋಡಿಸಿ. ಸೆನ್ಸರ್ ಬಂದಿಲ್ಲವೇ? ಅದೇ ನಮೂನೆಯಲ್ಲಿ ಸುಳ್ಳು ಅಂಕಿ ಕಳಿಸುವ ಹತ್ತು ಸಾಲಿನ ಪ್ರೋಗ್ರಾಂ ಸಾಕು.

ಪ್ರಶ್ನೆ: ಗುಂಪಿನ ಒಬ್ಬ ಗೆಳೆಯ ಮೀಟಿಂಗ್‌ನಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಾನೆ, ಕೆಲಸ ಮಾತ್ರ ಬರುವುದಿಲ್ಲ. ಕೊನೆಗೆ ಅವನದ್ದನ್ನೂ ನಾನೇ ಮಾಡುತ್ತೇನೆ.

ಉತ್ತರ: ಮೊದಲು ಆ ಕೊನೆಯದನ್ನು ನಿಲ್ಲಿಸಿ. ಹಗ್ಗ ಎಳೆಯುವವರು ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತದೆ ಎಂದು ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ 1913ರಲ್ಲೇ ಪ್ರಕಟಿಸಿದ್ದರು. ಯಾರ ಪಾಲು ಎಷ್ಟೆಂದು ಕಾಣದ ಕಡೆ ಮೈಗಳ್ಳತನ ತಾನಾಗಿ ಹುಟ್ಟುತ್ತದೆ. ನೀವು ಸದ್ದಿಲ್ಲದೆ ತುಂಬಿಕೊಟ್ಟರೆ ಅವನ ಪಾಲು ಇನ್ನಷ್ಟು ಮಸುಕಾಗುತ್ತದೆ.

ಆದರೆ ಅವನು ಸೋಮಾರಿಯೇ ಎಂದು ಈಗಲೇ ತೀರ್ಮಾನಿಸಬೇಡಿ. "ಸಾಫ್ಟ್‌ವೇರ್ ನೀನು ನೋಡ್ಕೋ" ಎಂದಿದ್ದರೆ ಅದು ಕೆಲಸ ಒಪ್ಪಿಸಿದಂತಲ್ಲ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವನೂ, ಕೇಳಲು ನಾಚುವವನೂ ಹೂಂ ಎಂದೇ ಅನ್ನುತ್ತಾನೆ. ಎರಡು ಮೂರು ದಿನದಲ್ಲಿ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ತುಂಡು ಕೊಡಿ: "ಗುರುವಾರ ಸಂಜೆಯೊಳಗೆ ಎಡಗಡೆ ಮೋಟಾರು ಮೂರು ವೇಗಗಳಲ್ಲಿ ತಿರುಗಬೇಕು, ಅಳತೆಗಳನ್ನು ಒಂದು ಶೀಟ್‌ನಲ್ಲಿ ಹಾಕು."

ಬರದಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ, ನಾಲ್ವರ ಎದುರು ಯಾರಾದರೂ ನೆಪವನ್ನೇ ಹೇಳುತ್ತಾರೆ. ಒಬ್ಬನೇ ಸಿಕ್ಕಾಗ ಕೇಳಿ. "ನೀನು ಯಾವಾಗಲೂ ಹೀಗೇ" ಎಂದರೆ ಅವನು ಹಳೆಯ ಲೆಕ್ಕ ತೆಗೆಯುತ್ತಾನೆ. "ಗುರುವಾರದ ಮೋಟಾರ್ ಟೆಸ್ಟ್ ಬರಲಿಲ್ಲ, ಅದಿಲ್ಲದೆ ನನ್ನ ಟ್ಯೂನಿಂಗ್ ನಿಂತಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ?" ಎಂದರೆ ಉತ್ತರ ಸಿಗುತ್ತದೆ. ಎರಡು ಸಲ ಹೀಗಾದ ಮೇಲೂ ಬರದಿದ್ದರೆ ತಾರೀಖುಗಳ ಸಮೇತ ಗೈಡ್ ಬಳಿ ಹೋಗಿ, ಹೋಗುತ್ತಿರುವುದನ್ನು ಅವನಿಗೂ ಹೇಳಿ. ಬೆನ್ನ ಹಿಂದಿನ ದೂರಿನಿಂದ ಗುಂಪು ಒಡೆಯುತ್ತದೆ.

ಪ್ರಶ್ನೆ: ಮೀಟಿಂಗ್‌ನಲ್ಲಿ ನನಗೆ ಬಾಯೇ ಬರುವುದಿಲ್ಲ.

ಉತ್ತರ: ಮೀಟಿಂಗ್‌ನ ಟಿಪ್ಪಣಿ ಬರೆಯುವ ಕೆಲಸ ಕೇಳಿ ತೆಗೆದುಕೊಳ್ಳಿ. ಬರೆಯುವವರಿಗೆ ಮಾತಿನ ನಡುವೆ ತಡೆಯುವ ಹಕ್ಕಿರುತ್ತದೆ: "ಹಾಗಾದರೆ ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಯಾವಾಗ?" ಈ ಮೂರನ್ನು ಪ್ರತಿ ವಿಷಯಕ್ಕೂ ಕೇಳಿ, ಅದೇ ದಿನ ಎಲ್ಲರಿಗೂ ಕಳಿಸಿ. ನಿಮ್ಮದೇ ವಿಷಯವಿದ್ದರೆ ಹಿಂದಿನ ದಿನವೇ ಅಜೆಂಡಾಕ್ಕೆ ಸೇರಿಸಿ, ಆಗ ಮಾತಿಗೆ ಸಂದು ಹುಡುಕಬೇಕಾಗಿಲ್ಲ.

ಪ್ರಶ್ನೆ: ಲ್ಯಾಬ್‌ನಲ್ಲಿ ಮೂವರು ಸೇರಿ ಪೇಪರ್ ಬರೆಯುತ್ತಿದ್ದೇವೆ. ಯಾರ ಹೆಸರು ಮೊದಲು ಬರಬೇಕೆಂಬ ಮಾತು ಯಾವಾಗ ಎತ್ತಬೇಕು?

ಉತ್ತರ: ಪ್ರಯೋಗ ಶುರುವಾಗುವ ಮೊದಲು, ಗೈಡ್ ಎದುರಿಗೇ. ಫಲಿತಾಂಶ ಚೆನ್ನಾಗಿ ಬಂದ ಮೇಲೆ ಎಲ್ಲರಿಗೂ ತಮ್ಮ ಪಾಲೇ ದೊಡ್ಡದಾಗಿ ಕಾಣುತ್ತದೆ. ಅನೇಕ ಜರ್ನಲ್‌ಗಳು ಬಳಸುವ ಕ್ರೆಡಿಟ್ ಎಂಬ ಪಟ್ಟಿಯಲ್ಲಿ ಕಲ್ಪನೆ, ಸಾಫ್ಟ್‌ವೇರ್, ಪ್ರಯೋಗ, ಮೊದಲ ಕರಡು ಮುಂತಾದ 14 ಬಗೆಯ ಪಾತ್ರಗಳಿವೆ. ಅದನ್ನು ಮುಂದಿಟ್ಟುಕೊಂಡು ಯಾರು ಯಾವುದು ಎಂದು ಗುರುತು ಹಾಕಿ. ಒಬ್ಬರು ಮಧ್ಯೆ ಬಿಟ್ಟುಹೋದರೆ ಅಥವಾ ಹೊಸಬರು ಸೇರಿದರೆ ಕ್ರಮವನ್ನು ಮತ್ತೆ ಚರ್ಚಿಸುವುದಾಗಿ ಒಂದು ಸಾಲನ್ನೂ ಸೇರಿಸಿ, ಮೂವರಿಗೂ ಗೈಡ್‌ಗೂ ಒಂದೇ ಇಮೇಲ್‌ನಲ್ಲಿ ಕಳಿಸಿಡಿ.